ಮೇಷ್ಟ್ರನ್ನು ಕೇಳಿ: ಕೋಲಲ್ಲ, ಕಾಲು ನೋಡಿಕೊಳ್ಳಿ

ಹೋದ ತಿಂಗಳು ಮಂಡಿ ನೋವಿನ ಬಗ್ಗೆ ಬರೆದಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ: "ಓಡೋಕಾಗದಿದ್ದರೆ ಬೇಡ, ಆದರೆ ಕೇರಂ, ಪೂಲ್, ಚೌಕಾಬಾರ, ಯಾವುದಾದರೂ ಒಂದು ಆಟ ಕೈಯಲ್ಲಿರಲಿ." ಆ ಸಾಲು ಹಿಡಿದುಕೊಂಡೇ ಹೆಚ್ಚಿನ ಪತ್ರಗಳು ಬಂದಿವೆ. ಅದರಲ್ಲೂ ಪೂಲ್ ಬಗ್ಗೆ, ಟೇಬಲ್ ಮೇಲಿನ ಚೆಂಡನ್ನು ಕೋಲಿನಿಂದ ಹೊಡೆದು ಅಂಚಿನ ಪಾಕೆಟ್ಟಿಗೆ ಬೀಳಿಸುವ ಆಟ ಅದು. ನಾನು ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಕಬಡ್ಡಿ, ಖೋಖೋ ಬಗ್ಗೆ ಕೇಳುತ್ತಾರೆ ಎಂದುಕೊಂಡಿದ್ದೆ. ಟೇಬಲ್ ಮೇಲಿನ ಆಟಗಳನ್ನು ಇಷ್ಟೊಂದು ಜನ ಹಚ್ಚಿಕೊಂಡಿರುವುದು ನೋಡಿ ಖುಷಿಯಾಯಿತು. ಈ ಸಲದ ಪುಟ ಅವರಿಗೇ.

ನನಗೆ 34 ವರ್ಷ, ತೂಕ 75 ಕೆ.ಜಿ. ಬಟ್ಟೆ ಅಂಗಡಿ ಇದೆ. ರಾತ್ರಿ ಅಂಗಡಿ ಮುಚ್ಚಿ ಗೆಳೆಯರ ಜೊತೆ ಪೂಲ್ ಆಡೋಕೆ ಹೋಗ್ತೀನಿ. ವಾರಕ್ಕೆ ನಾಲ್ಕು ದಿನ, ಎರಡೆರಡು ಗಂಟೆ. ನಿಂತೇ ಆಡ್ತೀವಿ, ಟೇಬಲ್ ಸುತ್ತ ನಡೀತೀವಿ. ಇದೂ ವ್ಯಾಯಾಮವೇ ಅಂತ ನಾನು, ಅಲ್ಲವೇ ಅಲ್ಲ ಅಂತ ನನ್ನ ಹೆಂಡತಿ. ಎರಡು ವರ್ಷದಲ್ಲಿ 6 ಕೆ.ಜಿ. ಜಾಸ್ತಿಯಾಗಿದ್ದೀನಿ. ನಮ್ಮಿಬ್ಬರಲ್ಲಿ ಯಾರು ಸರಿ? ಆಟದ ಮಧ್ಯೆ ಮಂಡಕ್ಕಿ, ಮಿರ್ಚಿ ತಿನ್ನೋದು ಬಿಟ್ಟರೆ ಬೇರೆ ಯಾವ ಚಟವೂ ಇಲ್ಲ. — ದಾವಣಗೆರೆಯ ಓದುಗರು

ನಿಮ್ಮ ಮನೆಯವರ ಮಾತೇ ಹೆಚ್ಚು ಸರಿ. ಹಾಗಂತ ನಿಮ್ಮ ಮಾತು ಪೂರ್ತಿ ತಪ್ಪೂ ಅಲ್ಲ. ಲೆಕ್ಕ ಹಾಕಿಯೇ ನೋಡೋಣ.

ಸುಮ್ನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿಯನ್ನು 1 ಎಂದು ಇಟ್ಟುಕೊಳ್ಳಿ. ತಿಳಿದವರು ಇದನ್ನು 'ಮೆಟ್' ಎನ್ನುತ್ತಾರೆ. ಅವರ ಪಟ್ಟಿಯಲ್ಲಿ ಕೂತು ಇಸ್ಪೀಟಾಡುವುದು 1.5. ಬಿಲಿಯರ್ಡ್ಸ್ 2.5, ಪೂಲ್ ಕೂಡ ಅದೇ ಜಾತಿಯ ಆಟ. ಗಂಟೆಗೆ ಐದು ಕಿಲೋಮೀಟರಿನಂತೆ ನಡೆದರೆ 3.5. ಟೇಬಲ್ ಟೆನಿಸ್ 4. ಗೆಳೆಯರ ಜೊತೆ ಶಟಲ್ ಆಡಿದರೆ 5.5. ಈ ಸಂಖ್ಯೆ 3 ಮುಟ್ಟಿದ ಮೇಲೆಯೇ ಅದನ್ನು ಮಧ್ಯಮ ಶ್ರಮ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಪೂಲ್ ಹೊಸ್ತಿಲ ಹತ್ತಿರ ಬಂದು ನಿಲ್ಲುತ್ತದೆ, ಒಳಗೆ ಕಾಲಿಡುವುದಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ನಾನೇ ಒಂದು ಪರೀಕ್ಷೆ ಮಾಡಿದೆ. ಮೊಬೈಲನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಒಂದು ಗಂಟೆ ಪೂಲ್ ಆಡಿದೆ. ಇಬ್ಬರೇ ಇದ್ದೆವು, ಮಧ್ಯೆ ಕೂರಲಿಲ್ಲ. 1,140 ಹೆಜ್ಜೆ ಆಯಿತು. ಮರುದಿನ ಬೆಳಿಗ್ಗೆ ಅದೇ ಮೊಬೈಲ್ ಇಟ್ಟುಕೊಂಡು ನಮ್ಮೂರ ಕೆರೆ ಏರಿ ಮೇಲೆ ನಡೆದೆ. ಅಷ್ಟೇ ಹೆಜ್ಜೆಗೆ ಹನ್ನೊಂದು ನಿಮಿಷ ಸಾಕಾಯಿತು.

ಇನ್ನು ತೂಕದ ಮಾತು. 75 ಕೆ.ಜಿ. ಇರುವವರು ಎರಡು ಗಂಟೆ ಪೂಲ್ ಆಡಿದರೆ ಸುಮಾರು 375 ಕ್ಯಾಲೊರಿ ಖರ್ಚು. ಅದೇ ಎರಡು ಗಂಟೆ ಸುಮ್ನೆ ಕೂತಿದ್ದರೂ 150 ಖರ್ಚಾಗುತ್ತಿತ್ತು. ಅಂದರೆ ಆಟದಿಂದ ಹೆಚ್ಚಿಗೆ ಕರಗಿದ್ದು 225. ಅದೂ ನೀವೊಬ್ಬರೇ ಬಿಡುವಿಲ್ಲದೆ ಆಡಿದರೆ. ನಾಲ್ಕು ಜನ ಸರದಿಯಲ್ಲಿ ಆಡುವಾಗ ಅರ್ಧ ಹೊತ್ತು ಬೆಂಚಿನ ಮೇಲೆಯೇ ಇರುತ್ತೀರಿ, ಅಲ್ವಾ? ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇರುತ್ತದೆ. ದಾವಣಗೆರೆಯ ಮಂಡಕ್ಕಿ, ಬಿಸಿ ಮಿರ್ಚಿಯ ರುಚಿ ನನಗೂ ಗೊತ್ತು. ರಾತ್ರಿ ಹತ್ತು ಗಂಟೆಗೆ ನಾಲ್ಕು ಮಿರ್ಚಿ ತಿಂದರೆ ಆಟದಲ್ಲಿ ಕಳೆದದ್ದು ಅಲ್ಲೇ ವಾಪಸ್ ಬಂತು. ಮೇಲೆ ಮನೆಯ ಊಟ ಬೇರೆ.

ಹಾಗಾದರೆ ಪೂಲ್ ಬಿಡಬೇಕಾ? ಬೇಡವೇ ಬೇಡ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಾದಿ ಮೇಲೆ ಕೂತು ವ್ಯಾಪಾರ ಮಾಡುವವರಿಗೆ, ದಿನದಲ್ಲಿ ಎರಡು ಗಂಟೆ ಎದ್ದು ನಿಂತು, ಬಗ್ಗಿ ಎದ್ದು, ನಾಲ್ಕು ಜನರ ಜೊತೆ ಮಾತಾಡುವ ಹೊತ್ತು ಅದೊಂದೇ. ನಿಮ್ಮ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಅಂಗಡಿಯಿಂದ ಆಟದ ಜಾಗ ಒಂದೂವರೆ ಕಿಲೋಮೀಟರ್, ಬೈಕಿನಲ್ಲಿ ಹೋಗ್ತೀನಿ ಅಂತ. ಆ ಸಾಲಿನಲ್ಲೇ ದಾರಿ ಇದೆ. ಒಂದೂವರೆ ಕಿಲೋಮೀಟರನ್ನು ಚುರುಕಾಗಿ ನಡೆದರೆ ಹದಿನೆಂಟು ನಿಮಿಷ. ಹೋಗಿ ಬಂದರೆ ಮೂವತ್ತಾರು. ವಾರಕ್ಕೆ ನಾಲ್ಕು ದಿನಕ್ಕೆ 144 ನಿಮಿಷ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಹತ್ತಿರ ಹತ್ತಿರ ಅಲ್ಲಿಗೆ ಮುಟ್ಟಿದಿರಿ. ಬೈಕನ್ನು ಅಂಗಡಿ ಮುಂದೆಯೇ ಬಿಟ್ಟು ಹೋಗಿ. ಗೆಳೆಯರನ್ನೂ ಎಳೆದುಕೊಂಡು ಹೋಗಿ. ನಡೆಯುವಾಗ ಮಾತಾಡೋಕಾಗಬೇಕು, ಹಾಡೋಕಾಗಬಾರದು. ಆ ವೇಗ ಸಾಕು.

ಅದೇ ಸಂಸ್ಥೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಮಾಡಿ ಎನ್ನುತ್ತದೆ. ನಿಮ್ಮೂರು ಗರಡಿ ಮನೆಗಳ ಊರು. ದಂಡ, ಬಸ್ಕಿ ಹೇಳಿಕೊಡುವವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೊದಲು ಹತ್ತು ಬಸ್ಕಿಯಿಂದ ಶುರು ಮಾಡಿ. ಮಿರ್ಚಿ ವಾರಕ್ಕೊಂದು ದಿನಕ್ಕೆ ಇಳಿಸಿ.

ಕ್ಯೂ ಸ್ಟಿಕ್ ಹಿಡಿದು ಆಡೋದ್ರಿಂದ ತೋಳಿಗೆ ಬಲ ಬರುತ್ತಾ? — ಹುಬ್ಬಳ್ಳಿಯ ವಿದ್ಯಾರ್ಥಿ

ಇಲ್ಲಪ್ಪ. ಚೆಂಡು ಹೊಡೆಯುವ ಆ ಕೋಲಿನ, ಅಂದರೆ ಕ್ಯೂವಿನ, ತೂಕ ಅರ್ಧ ಕೆ.ಜಿ. ಆಸುಪಾಸು. ಅದನ್ನು ಗಟ್ಟಿಯಾಗಿ ಹಿಡಿದರೆ ಆಟವೇ ಕೆಡುತ್ತದೆ. ಬೆರಳ ಹಿಡಿತ, ಕಣ್ಣಿನ ಅಂದಾಜು ಚೆನ್ನಾಗಿ ಪಳಗುತ್ತವೆ. ತೋಳಿಗೆ ದಂಡ ಹೊಡಿ.

ನನಗೆ 63. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕ್ಲಬ್ಬಿನಲ್ಲಿ ಬಿಲಿಯರ್ಡ್ಸ್ ಕಲಿತೆ. ಅದಿಲ್ಲದೆ ಸಂಜೆ ಕಳೆಯುವುದೇ ಇಲ್ಲ. ಆದರೆ ಮೂರು ತಿಂಗಳಿಂದ ಆಟ ಮುಗಿಸಿ ಬಂದರೆ ಸೊಂಟ ಹಿಡಿದುಕೊಳ್ಳುತ್ತದೆ, ಕತ್ತು ನೋಯುತ್ತದೆ. ಎಕ್ಸ್‌ರೇಯಲ್ಲಿ ವಯಸ್ಸಿಗೆ ತಕ್ಕ ಸವೆತ ಬಿಟ್ಟು ಬೇರೇನಿಲ್ಲ ಎಂದರು ಡಾಕ್ಟರು. ಆಟ ಬಿಟ್ಟುಬಿಡಿ ಅಂತ ಮಕ್ಕಳ ಒತ್ತಾಯ. ಏನು ಮಾಡಲಿ ಮೇಷ್ಟ್ರೇ? — ಮೈಸೂರಿನ ಓದುಗರು

ಬಿಡಬೇಡಿ ಸರ್. ಬಗ್ಗುವ ರೀತಿ ಬದಲಿಸಿ.

ನಾನು ಈ ಆಟ ಕಲಿತದ್ದು ಮಲೆನಾಡಿನ ಒಂದು ಊರಿನಲ್ಲಿ. ಅಲ್ಲಿಗೆ ವರ್ಗವಾಗಿತ್ತು. ಜೂನ್ ಬಂತೆಂದರೆ ಮೂರು ತಿಂಗಳು ಶಾಲೆಯ ಮೈದಾನವೆಲ್ಲ ಕೆಸರು. ಸಂಜೆ ಮಾಡೋಕೆ ಕೆಲಸವಿಲ್ಲ. ಕಾಫಿ ತೋಟದವರ ಹಳೇ ಕ್ಲಬ್ಬೊಂದಿತ್ತು. ಯಾರೋ ಪರಿಚಯದವರು ಕರೆದುಕೊಂಡು ಹೋದರು. ಒಳಗೆ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಟೇಬಲ್. ಅದರ ಮೇಲೆ ಹಸಿರು ಬಟ್ಟೆ, ಬಟ್ಟೆ ಕೆಳಗೆ ಕಲ್ಲಿನ ಹಾಸು. ಟೇಬಲ್ಲಿಗಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತವರು ಅಲ್ಲಿನ ಮಾರ್ಕರ್. ಸ್ಕೋರು ಬರೆಯುವುದು, ಟೇಬಲ್ ನೋಡಿಕೊಳ್ಳುವುದು, ಹೊಸಬರಿಗೆ ಕಲಿಸುವುದು ಎಲ್ಲ ಅವರೇ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿಕೊಂಡು ಚೆಂಡು ತೆವಳುತ್ತಿತ್ತು. ಅವರು ಮಧ್ಯಾಹ್ನವೇ ಬಂದು ಬಟ್ಟೆಯನ್ನು ಒಂದೇ ದಿಕ್ಕಿಗೆ ಬ್ರಷ್ ಮಾಡಿ, ಮೇಲೆ ಇಸ್ತ್ರಿ ಹಾಕುತ್ತಿದ್ದರು. ಆಮೇಲೆ ಅಂಗೈ ಬೆನ್ನಿನಿಂದ ಸವರಿ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

ಮೊದಲ ವಾರ ನಾನು ಕ್ಯೂ ಹಿಡಿಯುವುದನ್ನೇ ಯೋಚಿಸುತ್ತಿದ್ದೆ. ಅವರು ಹತ್ತಿರ ಬಂದು ಹೇಳಿದರು: "ಕೋಲಲ್ಲ ಸಾರ್, ಕಾಲು ನೋಡ್ಕೊಳ್ಳಿ." ಅಷ್ಟು ಹೇಳಿ ಚಾಕ್‌ಪೀಸಿನಿಂದ ನೆಲದ ಮೇಲೆ ನನ್ನ ಎರಡು ಪಾದದ ಗುರುತು ಹಾಕಿದರು. ಹದಿನೈದು ದಿನ ಅದೇ ಗುರುತಿನ ಮೇಲೆ ನಿಂತೆ. ಅವರು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನೀವು ಹೊಡೆಯುವ ಚೆಂಡು ಹೋಗಬೇಕಾದ ದಾರಿಯೇ ಹೊಡೆತದ ಗೆರೆ. ಮೊದಲು ಅದರ ಹಿಂದೆ ನೇರವಾಗಿ ನಿಲ್ಲಿ. ಬಲಗೈಯವರಾದರೆ ಬಲಗಾಲು ಆ ಗೆರೆಯ ಮೇಲೆ, ಎಡಗಾಲು ಒಂದು ಹೆಜ್ಜೆ ಎಡಕ್ಕೆ, ಸ್ವಲ್ಪ ಮುಂದಕ್ಕೆ. ಎರಡು ಪಾದದ ನಡುವೆ ಭುಜದಗಲಕ್ಕಿಂತ ಕಡಿಮೆ ಜಾಗ ಬೇಡ. ಹಳೇ ಪದ್ಧತಿಯಲ್ಲಿ ಬಲಗಾಲು ಕಂಬದ ಹಾಗೆ ನೆಟ್ಟಗಿರಬೇಕು ಎನ್ನುತ್ತಿದ್ದರು. ನಮ್ಮ ವಯಸ್ಸಿಗೆ ಅದು ಬೇಡ. ಎರಡೂ ಮಂಡಿ ಒಂಚೂರು ಸಡಿಲ ಇರಲಿ. ಆಮೇಲೆ ಬಗ್ಗಿ. ಬೆನ್ನನ್ನು ಬಿಲ್ಲು ಮಾಡಿ ಅಲ್ಲ, ತೊಡೆಸಂದಿನಿಂದ ಮಡಚಿಕೊಂಡು. ಪೃಷ್ಠ ಹಿಂದಕ್ಕೆ ಹೋಗಬೇಕು, ಎದೆ ಮುಂದಕ್ಕೆ ಇಳಿಯಬೇಕು, ಬೆನ್ನು ಹಲಗೆಯಂತೆ ಇರಬೇಕು.

ಇದು ಓದಿದರೆ ಬರುವುದಿಲ್ಲ. ಮನೆಯಲ್ಲಿ ನೆಲ ಒರೆಸುವ ಕೋಲು ಇರುತ್ತದಲ್ಲ, ಅದನ್ನು ತೆಗೆದುಕೊಳ್ಳಿ. ಬೆನ್ನ ಹಿಂದೆ ನೆಟ್ಟಗೆ ಹಿಡಿದುಕೊಳ್ಳಿ, ಒಂದು ಕೈ ಕತ್ತಿನ ಹಿಂದೆ, ಒಂದು ಕೈ ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಎರಡು ಭುಜದ ನಡುವೆ, ಬೆನ್ನಿನ ತುದಿಯ ಮೂಳೆ. ಈಗ ನಿಧಾನಕ್ಕೆ ಬಗ್ಗಿ. ಯಾವ ಜಾಗದಲ್ಲಿ ಕೋಲು ಮೈ ಬಿಡುತ್ತದೋ ಅಲ್ಲಿಗೆ ನಿಲ್ಲಿಸಿ. ಅಲ್ಲಿಂದ ಮುಂದೆ ನೀವು ಬಗ್ಗುತ್ತಿರುವುದು ಬೆನ್ನಿನಿಂದ. ದಿನಕ್ಕೆ ಹತ್ತು ಸಲ ಮಾಡಿ. ಒಂದು ತಿಂಗಳಲ್ಲಿ ತೊಡೆಯ ಹಿಂದಿನ ಬಿಗಿತ ಸಡಿಲವಾಗುತ್ತದೆ, ಇನ್ನಷ್ಟು ಕೆಳಗೆ ಹೋಗೋಕಾಗುತ್ತದೆ. ದೂರದ ಚೆಂಡಿಗೆ ಟೇಬಲ್ ಮೇಲೆ ಮೈ ಚಾಚಬೇಡಿ. ಕ್ಯೂ ಊರಿಕೊಳ್ಳುವ ಉದ್ದನೆಯ ಕೋಲು, ರೆಸ್ಟ್, ಇರುವುದೇ ಅದಕ್ಕೆ. ಕ್ಲಬ್ಬಿನಲ್ಲಿ ಎಷ್ಟೋ ಜನ ರೆಸ್ಟ್ ಮುಟ್ಟುವುದನ್ನು ಅವಮಾನ ಅಂದುಕೊಳ್ಳುತ್ತಾರೆ. ವಿಶ್ವ ಚಾಂಪಿಯನ್ನರೇ ಬಳಸುತ್ತಾರೆ ಸರ್.

ಇನ್ನು ಕತ್ತು. ನೀವು ಪ್ರೋಗ್ರೆಸ್ಸಿವ್ ಕನ್ನಡಕ, ಅಂದರೆ ದೂರ, ಹತ್ತಿರ ಎರಡನ್ನೂ ಒಂದೇ ಗಾಜಿನಲ್ಲಿ ನೋಡುವಂಥದ್ದು, ಹಾಕುತ್ತೀರಿ ಎಂದು ಬರೆದಿದ್ದೀರಿ. ನನ್ನ ಅನುಮಾನ ಅದರ ಮೇಲೆಯೇ. ಗದ್ದವನ್ನು ಕ್ಯೂ ಹತ್ತಿರ ತಂದು ಬಗ್ಗಿದಾಗ ಕಣ್ಣು ಕನ್ನಡಕದ ಮೇಲಂಚಿನ ಕಡೆ ಹೋಗುತ್ತದೆ. ಅಲ್ಲಿ ಫ್ರೇಮು ಅಡ್ಡ ಬರುತ್ತದೆ, ಚೆಂಡು ಎರಡು ತುಂಡಾಗಿ ಕಾಣುತ್ತದೆ. ಸರಿಯಾಗಿ ಕಾಣಲಿ ಅಂತ ನೀವು ತಲೆಯನ್ನು ಇನ್ನೂ ಹಿಂದಕ್ಕೆ ಎತ್ತುತ್ತೀರಿ. ಗಂಟೆಗಟ್ಟಲೆ ಹಾಗೆ ಮಾಡಿದರೆ ಯಾರ ಕತ್ತಾದರೂ ನೋಯುತ್ತದೆ. 1985ರಲ್ಲಿ ವಿಶ್ವ ಸ್ನೂಕರ್ ಚಾಂಪಿಯನ್ ಆದ ಡೆನ್ನಿಸ್ ಟೇಲರ್ ಹಾಕುತ್ತಿದ್ದ ಕನ್ನಡಕ ನೋಡಿದ್ದೀರಾ? ತಲೆಕೆಳಗಾಗಿ ಹಾಕಿಕೊಂಡ ಹಾಗೆ ಕಾಣುವ ದೊಡ್ಡ ಗಾಜು, ಹುಬ್ಬಿಗಿಂತ ಮೇಲಕ್ಕೆ ಎದ್ದಿರುತ್ತಿತ್ತು. ಬಗ್ಗಿದಾಗಲೂ ಗಾಜಿನ ಮೂಲಕವೇ ಕಾಣಲಿ ಎಂದು ಮಾಡಿಸಿದ್ದು. ನೀವು ಅಷ್ಟು ದೂರ ಹೋಗಬೇಕಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಚೆಂಡು ಒಂದರಿಂದ ಮೂರು ಮೀಟರ್ ದೂರದಲ್ಲಿರುತ್ತದೆ, ಬಗ್ಗಿ ನೋಡಬೇಕು ಎಂದು ಹೇಳಿ. ಆಟಕ್ಕೇ ಒಂದು ಸಾದಾ ಕನ್ನಡಕ, ಎತ್ತರದ ಗಾಜಿನದ್ದು, ಮಾಡಿಸಿಕೊಳ್ಳಿ. ನಾನೂ ಹಾಗೇ ಮಾಡಿಸಿಕೊಂಡ ಮೇಲೆ ಕತ್ತಿನ ನೋವು ಹೋಯಿತು.

ಒಂದು ಎಚ್ಚರಿಕೆ. ನೋವು ಸೊಂಟದಿಂದ ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ, ಕಾಲಿನ ಬಲ ಕಡಿಮೆಯಾದಂತೆ ಅನ್ನಿಸಿದರೆ, ಕ್ಯೂ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗಿ. ಮೂತ್ರದ ಹಿಡಿತ ತಪ್ಪಿದರಂತೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ನನ್ನ ಕೋಲಿನ ಪಾಠ ನಡೆಯುವುದಿಲ್ಲ.

ಪೂಲ್, ಸ್ನೂಕರ್, ಬಿಲಿಯರ್ಡ್ಸ್ ಮೂರೂ ಒಂದೇನಾ ಸರ್? — ಬಳ್ಳಾರಿಯ ಒಂಬತ್ತನೇ ತರಗತಿ ಹುಡುಗ

ಒಂದೇ ಮನೆಯ ಮೂರು ಮಕ್ಕಳು. ಬಿಲಿಯರ್ಡ್ಸ್ ಮೂರೇ ಚೆಂಡಿನ ಆಟ. ಸ್ನೂಕರ್‌ನಲ್ಲಿ 22 ಚೆಂಡು: ಕೆಂಪು 15, ಬೇರೆ ಬಣ್ಣದವು 6, ಹೊಡೆಯುವ ಬಿಳಿ ಚೆಂಡು 1. ಪೂಲ್‌ನಲ್ಲಿ ನಂಬರ್ ಹಾಕಿದ 15 ಚೆಂಡು, ಜೊತೆಗೆ ಬಿಳಿ ಚೆಂಡು. ಪೂಲ್ ಟೇಬಲ್ ಚಿಕ್ಕದು, ದೊಡ್ಡ ಅಳತೆಯದ್ದೇ ಒಂಬತ್ತಡಿ. ಆದರೆ ಚೆಂಡು ದೊಡ್ಡದು, 57 ಮಿಲಿಮೀಟರ್. ಸ್ನೂಕರ್ ಚೆಂಡು 52.5 ಮಿಲಿಮೀಟರ್, ಟೇಬಲ್ ಹನ್ನೆರಡಡಿ. ಅದಕ್ಕೇ ಹೊಸಬರಿಗೆ ಪೂಲ್ ಬೇಗ ಒಲಿಯುತ್ತದೆ.

ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ ಗೊತ್ತಾ? 1875ರಲ್ಲಿ ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೇನೆಯ ಅಧಿಕಾರಿ ನೆವಿಲ್ ಚೇಂಬರ್ಲಿನ್ ಇದನ್ನು ಶುರು ಮಾಡಿದರು ಎನ್ನುತ್ತಾರೆ. ಮುಂದೆ ಪ್ರಧಾನಿಯಾದ ಚೇಂಬರ್ಲಿನ್ ಬೇರೆ. ಆಟದ ನಿಯಮಗಳನ್ನು 1882ರಲ್ಲಿ ಗೋಡೆಗೆ ಹಾಕಿದ್ದು ಊಟಿಯ ಕ್ಲಬ್ಬಿನಲ್ಲಿ. ನಮ್ಮ ಗುಂಡ್ಲುಪೇಟೆ ದಾಟಿ ಬೆಟ್ಟ ಹತ್ತಿದರೆ ಅದೇ ಊರು. ಇನ್ನು ಬಿಲಿಯರ್ಡ್ಸ್‌ನಲ್ಲಿ ಭಾರತದ ವಿಲ್ಸನ್ ಜೋನ್ಸ್ 1958ರಲ್ಲೇ ವಿಶ್ವ ಚಾಂಪಿಯನ್ ಆದರು. ಆಟ ನಡೆದದ್ದು ಕಲ್ಕತ್ತಾದಲ್ಲಿ.

ನನ್ನ ಮಗನಿಗೆ 15. ಟ್ಯೂಷನ್‌ಗೆ ಅಂತ ಹೋಗಿ ಪೂಲ್ ಆಡ್ತಾನೆ. ಹೋದ ತಿಂಗಳು ಗೊತ್ತಾಯ್ತು. ಅವರಪ್ಪ ಹೊಡೆದರು. ಈಗ ಮಾತೇ ಆಡ್ತಿಲ್ಲ. ಆ ಜಾಗ ಒಳ್ಳೇದಲ್ಲ ಅಂತಾರೆ ಎಲ್ರೂ. ನಾನೇನು ಮಾಡಲಿ? — ತುಮಕೂರಿನ ತಾಯಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ ತಾಯಿ. ಹುಡುಗ ಸುಳ್ಳು ಹೇಳಿದ್ದು ತಪ್ಪು. ಆಟ ಆಡಿದ್ದು ತಪ್ಪಲ್ಲ. ಮನೆಯಲ್ಲಿ ಇವೆರಡೂ ಒಂದೇ ಏಟಿನಲ್ಲಿ ಸೇರಿಹೋಗಿವೆ. ಅವನಿಗೆ ಈಗ ಯಾವುದಕ್ಕೆ ಹೊಡೆದರು ಅನ್ನುವುದೇ ಗೊತ್ತಿಲ್ಲ.

ನನ್ನ ಶಾಲೆಯಲ್ಲಿ ಹೀಗೇ ಒಬ್ಬ ಹುಡುಗ ಇದ್ದ. ಮಧ್ಯಾಹ್ನದ ಮೇಲೆ ಕ್ಲಾಸಿನಲ್ಲಿ ಇರುತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಎರಡು ಪೂಲ್ ಟೇಬಲ್ ಇದ್ದವು. ನಾನು ಹೋಗಿ ನೋಡಿದೆ. ಬೈಯೋಕೆ ಅಂತಲೇ ಹೋಗಿದ್ದೆ. ಅವನು ಆಡುತ್ತಿದ್ದ. ಸುತ್ತ ಬೀಡಿ ಹೊಗೆ, ದೊಡ್ಡವರು ದುಡ್ಡು ಕಟ್ಟಿ ಆಡುತ್ತಿದ್ದರು. ಅದರ ಮಧ್ಯೆ ಈ ಹುಡುಗ ಒಂದು ಚೆಂಡಿನ ಮುಂದೆ ಒಂದು ನಿಮಿಷ ಸುಮ್ನೆ ನಿಂತ. ಆ ಕಡೆ ಹೋಗಿ ನೋಡಿದ, ಈ ಕಡೆ ಬಂದು ನೋಡಿದ. ಆಮೇಲೆ ಬಗ್ಗಿ ಮೆಲ್ಲಗೆ ತಳ್ಳಿದ. ಚೆಂಡು ಟೇಬಲ್ ಅಂಚಿನ ಕುಶನ್‌ಗೆ ತಾಗಿ ಬಂದು ಪಾಕೆಟ್ಟಿಗೆ ಬಿತ್ತು. ಕ್ಲಾಸಿನಲ್ಲಿ ಐದು ನಿಮಿಷ ಕೂರಲಾಗದ ಹುಡುಗ ಅವನು. ಅವತ್ತು ನಾನು ಬೈಯಲಿಲ್ಲ. ಹೊರಗೆ ಕರೆದುಕೊಂಡು ಬಂದು ಟೀ ಕೊಡಿಸಿದೆ. ಜಾಗ ಬೇಡ, ಆಟ ಇರಲಿ ಅಂದೆ. ಶಾಲೆಗೆ ಒಂದು ಕೇರಂ ಬೋರ್ಡ್ ತರಿಸಿದೆ. ಕುಶನ್ ಲೆಕ್ಕ ಅಲ್ಲೂ ಅದೇ ತಾನೇ? ಆ ವರ್ಷ ತಾಲ್ಲೂಕು ಮಟ್ಟಕ್ಕೆ ಆಡಿದ. ಹತ್ತನೇ ತರಗತಿಯನ್ನೂ ಪಾಸ್ ಮಾಡಿದ.

ಅದಕ್ಕೇ ಹೇಳುತ್ತೇನೆ, ಮೊದಲು ಆ ಜಾಗಕ್ಕೆ ನೀವೇ ಒಮ್ಮೆ ಹೋಗಿ. ಅವನ ಅಪ್ಪನನ್ನೂ ಕರೆದುಕೊಂಡು ಹೋಗಿ. ಸಿಗರೇಟು, ಬಾಜಿ, ಕುಡಿತ ಇದ್ದರೆ ಆ ಬಾಗಿಲು ಅವನಿಗೆ ಮುಚ್ಚಲೇಬೇಕು. ಅದರಲ್ಲಿ ರಾಜಿ ಬೇಡ. ಹಾಗೇನೂ ಇಲ್ಲದೆ ಬೆಳಕು ಚೆನ್ನಾಗಿದ್ದು, ಮಾಲೀಕರು ಮಕ್ಕಳ ಮೇಲೆ ಕಣ್ಣಿಡುವವರಾದರೆ, ವಾರಕ್ಕೆ ಎರಡು ದಿನ, ಒಂದು ಗಂಟೆ, ಹೇಳಿ ಹೋಗುವ ಹಾಗೆ ಬಿಡಿ. ಅದಕ್ಕೆ ಬದಲಾಗಿ ಅವನಿಂದ ಒಂದು ಮಾತು ತೆಗೆದುಕೊಳ್ಳಿ. ದಿನವೂ ಬಯಲಿನಲ್ಲಿ ಒಂದು ಗಂಟೆ ಬೆವರಬೇಕು. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು. ಪೂಲ್ ಅದಕ್ಕೆ ಲೆಕ್ಕವಾಗುವುದಿಲ್ಲ. ಓಟ, ಫುಟ್‌ಬಾಲ್, ಕಬಡ್ಡಿ, ಸೈಕಲ್, ಏನಾದರೂ ಸರಿ.

ಬೆಂಗಳೂರಿನ ಪಂಕಜ್ ಅಡ್ವಾಣಿ ಹೆಸರು ಕೇಳಿರುತ್ತೀರಿ. ಅಣ್ಣನ ಹಿಂದೆ ಹೋಗಿ ಸ್ನೂಕರ್ ನೋಡಿದ ಹುಡುಗ ಅವರು. ಅರವಿಂದ್ ಸವೂರ್ ಎಂಬ ಒಳ್ಳೆಯ ಗುರು ಸಿಕ್ಕರು. 2003ರಲ್ಲಿ, 18ನೇ ವಯಸ್ಸಿಗೆ, ಚೀನಾದಲ್ಲಿ ವಿಶ್ವ ಸ್ನೂಕರ್ ಪಟ್ಟ ಗೆದ್ದರು. 2006 ಮತ್ತು 2010ರ ಏಷ್ಯನ್ ಗೇಮ್ಸ್‌ನಲ್ಲಿ ಬಿಲಿಯರ್ಡ್ಸ್ ಚಿನ್ನ ತಂದರು. ಇಲ್ಲಿಯವರೆಗೆ 25ಕ್ಕೂ ಹೆಚ್ಚು ವಿಶ್ವ ಪಟ್ಟ ಅವರದ್ದು. ನಿಮ್ಮ ಮಗ ಹಾಗಾಗುತ್ತಾನೆ ಎಂದು ಹೇಳೋಕೆ ಈ ಮಾತು ಬರೆಯಲಿಲ್ಲ. ಆ ಮನೆಯಲ್ಲಿ ಆಟಕ್ಕೆ ಬಾಗಿಲು ತೆರೆದಿತ್ತು, ಹುಡುಗ ಕದ್ದು ಹೋಗಬೇಕಾಗಿರಲಿಲ್ಲ. ಇವತ್ತು ರಾತ್ರಿ ಅವನಿಗೆ ಊಟ ಬಡಿಸುವಾಗ, "ನೀನು ಚೆನ್ನಾಗಿ ಆಡ್ತೀಯಂತೆ, ನನಗೂ ತೋರಿಸು" ಅಂತ ಕೇಳಿ ನೋಡಿ.

ನಾನು ಕಾಲೇಜಿನಲ್ಲಿ ಪಾಠ ಮಾಡ್ತೀನಿ, ವಯಸ್ಸು 38. ತವರಿನಲ್ಲಿ ಅಣ್ಣಂದಿರ ಜೊತೆ ಕೇರಂ ಆಡಿ ಬೆಳೆದವಳು. ಪೂಲ್ ಕಲಿಯೋ ಆಸೆ. ಆದರೆ ಅಲ್ಲಿ ಬರೀ ಗಂಡಸರೇ. ಈ ವಯಸ್ಸಿಗೆ ಕಲಿಯೋಕಾಗುತ್ತಾ? — ಶಿವಮೊಗ್ಗದ ಓದುಗರು

ಖಂಡಿತ ಆಗುತ್ತದೆ ಮೇಡಂ. ಬೆಂಗಳೂರಿನ ಆರ್. ಉಮಾದೇವಿ ಅವರು ಸರ್ಕಾರಿ ಕೆಲಸದಲ್ಲಿದ್ದವರು. ಕ್ಯೂ ಹಿಡಿದದ್ದು ಮೂವತ್ತರ ಆಸುಪಾಸಿನಲ್ಲಿ. 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಅದೇ ಊರಿನ ಚಿತ್ರಾ ಮಗಿಮೈರಾಜ್ ಹಾಕಿ ಆಡುತ್ತಿದ್ದವರು, ಆಮೇಲೆ ಈ ಕಡೆ ಬಂದು ವಿಶ್ವ ಪಟ್ಟ ಗೆದ್ದರು. ಇಪ್ಪತ್ತರೊಳಗೆ ಕಲಿಯದಿದ್ದರೆ ಮುಗಿಯಿತು ಎನ್ನುವ ಆಟ ಇದಲ್ಲ. ಕಾಲಿನ ವೇಗ ಬೇಡ, ಎತ್ತರ ಬೇಡ. ಕೇರಂ ಆಡಿದವರಿಗೆ ಕೋನ ಆಗಲೇ ಕಣ್ಣಿನಲ್ಲಿ ಕೂತಿರುತ್ತದೆ. ಸ್ಟ್ರೈಕರ್ ಬದಲು ಬಿಳಿ ಚೆಂಡು, ಅಷ್ಟೇ.

ಗಂಡಸರೇ ತುಂಬಿರುವ ಜಾಗದ ಸಂಕೋಚ ಸುಮ್ನೆ ಅಲ್ಲ, ನನಗೂ ಅರ್ಥವಾಗುತ್ತದೆ. ಹೆಚ್ಚಿನ ಪೂಲ್ ಪಾರ್ಲರ್‌ಗಳಲ್ಲಿ ಬೆಳಿಗ್ಗೆ ಹೊತ್ತು ಖಾಲಿ. ಸಹೋದ್ಯೋಗಿಗಳು ಮೂರು ನಾಲ್ಕು ಜನ ಸೇರಿ, ಭಾನುವಾರ ಬೆಳಿಗ್ಗೆ ಒಂದು ಟೇಬಲ್ ನಮಗೆ ಬೇಕು ಎಂದು ಮಾಲೀಕರನ್ನು ಕೇಳಿ. ಖಾಲಿ ಹೊತ್ತಿಗೆ ಗಿರಾಕಿ ಬಂದರೆ ಯಾವ ಮಾಲೀಕರೂ ಬೇಡ ಅನ್ನುವುದಿಲ್ಲ. ಸೀರೆಯಲ್ಲಿ ಬಗ್ಗಿ ಆಡುವುದು ಕಷ್ಟ, ಚೂಡಿದಾರ್ ಹಾಕಿಕೊಂಡು ವೇಲ್ ತೆಗೆದಿಟ್ಟು ಆಡಿ. ಕೈಬಳೆ ಟೇಬಲ್ ಬಟ್ಟೆಗೆ ತಾಗಿದರೆ ಆ ಬಟ್ಟೆ ಹರಿಯುತ್ತದೆ, ಬಳೆ ತೆಗೆದಿಡಿ.

ನನಗೆ 71. ಮಂಡಿ ನೋವು, ವಾಕಿಂಗ್ ಹೋದರೆ ಹತ್ತು ನಿಮಿಷಕ್ಕೇ ಸುಸ್ತು. ಮೊಮ್ಮಕ್ಕಳ ಜೊತೆ ಚೌಕಾಬಾರ ಆಡ್ತೀನಿ. ಮೊದಲು ನೆಲದ ಮೇಲೆ ಕೂತು ಆಡ್ತಿದ್ದೆ, ಈಗ ಮೇಜಿನ ಮೇಲೆ. ಇದರಿಂದ ಮೈಗೇನಾದರೂ ಉಪಯೋಗ ಇದೆಯಾ? — ಮಂಡ್ಯದ ಅಜ್ಜಿ

ಅಮ್ಮಾ, ನಿಮ್ಮ ಆಟಕ್ಕೇ ಸ್ವಲ್ಪ ವ್ಯಾಯಾಮ ಸೇರಿಸೋಣ. ನಿಮ್ಮ ವಯಸ್ಸಿನಲ್ಲಿ ಎಲ್ಲಕ್ಕಿಂತ ಮುಖ್ಯ ಬೀಳದೆ ಇರುವುದು. ಅದಕ್ಕೆ ತೊಡೆಯಲ್ಲಿ ಬಲ ಬೇಕು, ನಿಂತಾಗ ಆಯ ತಪ್ಪಬಾರದು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಅದಕ್ಕೆ ಬೇಕಾದದ್ದು ಮಾಡಬೇಕು.

ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಜಾರಬಾರದು. ಅದರ ಮುಂದೆ ಮೇಜು ಎಳೆದುಕೊಂಡು ಮನೆ ಹಾಕಿ. ನಾಲ್ಕು ಕವಡೆ ಬಿಡುವಾಗ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಇನ್ನೊಂದು ಸಲ ಕವಡೆ ಬಿಡಬಹುದು, ಅಲ್ವಾ? ಆ ಇನ್ನೊಂದು ಸಲಕ್ಕೆ ಮೊದಲು ನೀವು ಕುರ್ಚಿಯಿಂದ ಎದ್ದು ನಿಲ್ಲಬೇಕು. ಬೇಕಾದರೆ ಕುರ್ಚಿ ಕೈ ಹಿಡಿದೇ ಏಳಿ. ಬೆನ್ನು ನೆಟ್ಟಗೆ ಮಾಡಿ, ಒಂದು ಉಸಿರು ತೆಗೆದುಕೊಂಡು, ನಿಧಾನಕ್ಕೆ ಕೂರಿ. ಧೊಪ್ಪನೆ ಕೂರಬಾರದು. ಮೊಮ್ಮಕ್ಕಳಿಗೆ ಚೌಕ, ಬಾರ ಬಿದ್ದರೂ ನೀವೂ ಏಳಿ, ಅವರೂ ಏಳಲಿ. ಒಂದು ಆಟ ಮುಗಿಯುವುದರೊಳಗೆ ಎಷ್ಟು ಸಲ ಎದ್ದಿರಿ ಎಂದು ಚಿಕ್ಕ ಮೊಮ್ಮಗಳು ಸ್ಲೇಟಿನ ಮೇಲೆ ಗೆರೆ ಹಾಕಲಿ. ಮಂಡಿಯೊಳಗೆ ಚುಚ್ಚಿದಂತೆ ನೋವಾದರೆ, ತಲೆ ತಿರುಗಿದರೆ ಅವತ್ತಿಗೆ ನಿಲ್ಲಿಸಿ.

ವಾಕಿಂಗ್ ಹತ್ತು ನಿಮಿಷಕ್ಕೇ ಸುಸ್ತು ಅಂದಿರಿ. ಬೆಳಿಗ್ಗೆ ಐದು, ಸಂಜೆ ಐದು ನಿಮಿಷ ಮಾಡಿ, ಅಂಗಳದಲ್ಲೇ ಸಾಕು. ಆದರೆ ಈ ಸುಸ್ತು ಹೊಸದಾಗಿ ಶುರುವಾಗಿದ್ದರೆ, ಜೊತೆಗೆ ಎದೆ ಬಿಗಿತ, ಏದುಸಿರು ಇದ್ದರೆ, ಮಂಡಿ ಮೇಲೆ ಹಾಕಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ಮುಂದಿನ ತಿಂಗಳು ಸ್ಲೇಟಿನ ಮೇಲೆ ಎಷ್ಟು ಗೆರೆ ಬಿತ್ತು ಎಂದು ಬರೆಯಿರಿ. ಕಾಯುತ್ತಿರುತ್ತೇನೆ.